ಮೈಕು ಕೊಟ್ಟರೆ ಗೆಳೆಯರು ಸಿಗುವುದಿಲ್ಲ

ಎಂಟನೇ ತರಗತಿಗೆ ಸೇರಿ ಮೂರು ತಿಂಗಳಾದರೂ ಒಂದು ಮಗು ಯಾರೊಟ್ಟಿಗೂ ಬೆರೆಯುತ್ತಿಲ್ಲ ಎಂದು ಗೊತ್ತಾದರೆ ಸಾಕು, ನಮ್ಮ ಕಡೆ ಎಲ್ಲರೂ ಹೇಳುವ ಮದ್ದು ಒಂದೇ: ಸ್ಟೇಜು ಹತ್ತಿಸಿ. ಪುತ್ತೂರು ತಾಲೂಕಿನ ಕೆದಂಬಾಡಿ, ತಿಂಗಳಾಡಿ, ಕುಂಬ್ರದ ಆಸುಪಾಸಿನಲ್ಲಿ ಪೋಷಕರು ನಾಲ್ಕು ಜನ ಸೇರಿದಲ್ಲೆಲ್ಲ ಈ ಮಾತು ಕಿವಿಗೆ ಬೀಳುತ್ತದೆ. "ಅವನಿಗೆ ಸ್ಟೇಜ್ ಫಿಯರ್ ಒಮ್ಮೆ ಹೋಗಬೇಕು, ಮತ್ತೆ ಎಲ್ಲ ಸರಿಯಾಗ್ತದೆ." ಮದುವೆಮನೆಯಲ್ಲಿ ಸೋದರಮಾವ "ಎಂತ, ಬಾಯಲ್ಲಿ ಮುತ್ತುಂಟಾ?" ಎಂದು ಹತ್ತು ಜನರೆದುರು ಕೇಳುತ್ತಾನೆ. ಏಪ್ರಿಲ್ ಬಂದರೆ ಐದು ದಿನದ ವ್ಯಕ್ತಿತ್ವ ವಿಕಸನ ಶಿಬಿರದ ಕರಪತ್ರ ಬರುತ್ತದೆ. ಎಲ್ಲರ ನಂಬಿಕೆಯೂ ಒಂದೇ ಸಾಲಿನದು: ಮೊದಲು ಧೈರ್ಯ, ಧೈರ್ಯದಿಂದ ಮಾತು, ಮಾತಿನಿಂದ ಗೆಳೆಯರು.

ಈ ಸಾಲು ತಲೆಕೆಳಗಾಗಿದೆ. ನಾಚಿಕೆಯ ಮಗುವಿಗೆ ಮೊದಲು ಸಿಗಬೇಕಾದದ್ದು ಗೆಳೆಯ. ಮಾತು, ಧೈರ್ಯ ಎಲ್ಲ ಆಮೇಲೆ ಬರುತ್ತವೆ. ಬಾರದೆ ಇದ್ದರೂ ಗೆಳೆತನಕ್ಕೆ ಏನೂ ಕೊರತೆಯಾಗುವುದಿಲ್ಲ. ಒಳ್ಳೆಯ ಉದ್ದೇಶದಿಂದಲೇ ನಾವು ಈ ಮಕ್ಕಳಿಗೆ ಮಾಡುತ್ತಿರುವುದು ಹಿಂಸೆ. ಅದನ್ನು ಹಿಂಸೆ ಎಂದೇ ಕರೆಯಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ತಾಲೂಕಿನ ಒಂದು ಹೈಸ್ಕೂಲಿಗೆ ಭಾಷಣ ಸ್ಪರ್ಧೆಯ ತೀರ್ಪುಗಾರನಾಗಿ ಹೋಗಿದ್ದೆ. ವಿಷಯ 1837ರ ಅಮರ ಸುಳ್ಯ ಸಂಗ್ರಾಮ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು, ಅವಳಿಗೆ ಅಭ್ಯಾಸವಾಗಲಿ ಎಂದೇ, ಪಟ್ಟಿಗೆ ಸೇರಿಸಿದ್ದರು. "ವೇದಿಕೆಯ ಮೇಲೆ ಆಸೀನರಾಗಿರುವ" ಎಂದು ಶುರುಮಾಡಿದಳು. ಗುರುಗಳ ಹೆಸರು, ತೀರ್ಪುಗಾರರ ಹೆಸರು, ಸಹಪಾಠಿಗಳಿಗೆ ವಂದನೆ, ಎಲ್ಲ ಸರಿಯಾಗಿ ಬಂತು. ಅಲ್ಲಿಗೆ ನಿಂತಿತು. ಸಮವಸ್ತ್ರದ ವೇಲಿನ ತುದಿಯನ್ನು ಬೆರಳಿನಲ್ಲಿ ನೆರಿಗೆ ಹಿಡಿಯುತ್ತ, ಬಿಡುತ್ತ, ಮತ್ತೆ ಹಿಡಿಯುತ್ತ ನಿಂತಳು. ಬದಿಯಿಂದ "ಜೋರು, ಜೋರು" ಎಂದರು. ಮಕ್ಕಳು ಹುರಿದುಂಬಿಸಲು ಚಪ್ಪಾಳೆ ತಟ್ಟಿದರು. ಅದೇ ದೊಡ್ಡ ಪೆಟ್ಟು. ಮಧ್ಯಾಹ್ನ ಊಟಕ್ಕೆ ಅವಳು ಅಕ್ಷರ ದಾಸೋಹದ ಅಡುಗೆಕೋಣೆಯ ಹಿಂದಿನ ನಲ್ಲಿಯ ಹತ್ತಿರ ಇದ್ದಳು. ತಟ್ಟೆ ತೊಳೆಯುತ್ತಿದ್ದಳು. ತಟ್ಟೆ ಆಗಲೇ ಹೊಳೆಯುತ್ತಿತ್ತು, ಗಂಟೆ ಹೊಡೆಯುವವರೆಗೂ ಅದನ್ನೇ ತೊಳೆದಳು. ಅಷ್ಟು ಹೊತ್ತು ಅವಳ ಹತ್ತಿರ ಯಾರೂ ಹೋಗಲಿಲ್ಲ. ಮಕ್ಕಳು ಕೆಟ್ಟವರೆಂದಲ್ಲ. ಪಾಪ, ಅವಳಿಗೆ ಬೇಜಾರಾಗಿದೆ, ಬಿಡುವ ಎಂದುಕೊಂಡಿರಬೇಕು. ಬೆಳಿಗ್ಗೆಯವರೆಗೆ ಅವಳು ಹೆಚ್ಚು ಮಾತಾಡದ ಒಬ್ಬ ಹುಡುಗಿ. ಮಧ್ಯಾಹ್ನದ ಹೊತ್ತಿಗೆ ಇಡೀ ಶಾಲೆಗೆ ಅವಳು ಭಾಷಣ ಮರೆತ ಹುಡುಗಿ. ಅವಳಿಗೆ ವೇದಿಕೆ ಕೊಟ್ಟದ್ದು ಅಷ್ಟನ್ನೇ.

ನಾಚಿಕೆ ಒಂದು ಮಟ್ಟವನ್ನು ಮೀರಿದಾಗ ಒಳಗೆ ಏನು ನಡೆಯುತ್ತದೆ ಎನ್ನುವುದನ್ನು ಬ್ರಿಟನ್ನಿನ ಮನೋವಿಜ್ಞಾನಿಗಳಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಬಿಡಿಸಿ ಹೇಳಿದರು. ಆತಂಕದಲ್ಲಿರುವ ವ್ಯಕ್ತಿಯ ಗಮನವೆಲ್ಲ ಎದುರಿನವರಿಂದ ಕಿತ್ತು ತನ್ನ ಮೇಲೇ ಬಂದು ಬೀಳುತ್ತದೆ. ಎದೆ ಹೊಡೆದುಕೊಳ್ಳುವುದು, ಕಿವಿ ಬಿಸಿಯಾಗುವುದು, ಸ್ವರ ನಡುಗುವುದು ಇವುಗಳಿಂದಲೇ ಆ ವ್ಯಕ್ತಿ ತನ್ನದೊಂದು ಚಿತ್ರ ಕಟ್ಟಿಕೊಂಡು, ಎಲ್ಲರಿಗೂ ತಾನು ಹೀಗೆಯೇ ಕಾಣುತ್ತಿದ್ದೇನೆ ಎಂದು ನಂಬುತ್ತಾನೆ. ತಪ್ಪಿಸಿಕೊಳ್ಳಲು ಕಣ್ಣು ತಗ್ಗಿಸುತ್ತಾನೆ, ವಾಕ್ಯವನ್ನು ಮನಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡು ನೋಡುತ್ತಾನೆ, ಕೊನೆಗೆ ಹೇಳದೆಯೇ ಬಿಡುತ್ತಾನೆ. ಇದನ್ನು ಓದಿದ ಮೇಲೂ ಅಂಥ ಮಗುವನ್ನು ಮುನ್ನೂರು ಕಣ್ಣುಗಳ ಮುಂದೆ ನಿಲ್ಲಿಸಲು ಯಾರಿಗಾದರೂ ಮನಸ್ಸು ಬಂದೀತೆ? ಗಮನ ಹೊರಗೆ ಹರಿಯಬೇಕಾದ ಮಗುವನ್ನು, ತನ್ನನ್ನು ಬಿಟ್ಟು ಬೇರೇನೂ ಕಾಣಲಾಗದ ಜಾಗದಲ್ಲಿ ನಾವೇ ನಿಲ್ಲಿಸುತ್ತೇವೆ.

ಇದಕ್ಕೆ ತಿಳಿದವರು ಕೊಡುವ ಉತ್ತರ ನನಗೆ ಗೊತ್ತಿದೆ. ಹೆದರಿಕೆಗೆ ಹೆದರಿಕೆಯನ್ನೇ ಎದುರಿಸುವುದು ಮದ್ದು, ವೈದ್ಯರೂ ಅದನ್ನೇ ಮಾಡಿಸುತ್ತಾರೆ ಎಂಬುದು ಆ ಉತ್ತರ. ಮಾತು ಸರಿಯೇ. ಸಾಮಾಜಿಕ ಆತಂಕಕ್ಕೆ ಮನೋಚಿಕಿತ್ಸಕರು ಕೊಡುವ ಚಿಕಿತ್ಸೆಯಲ್ಲಿ ಹೆದರುವ ಸನ್ನಿವೇಶಗಳನ್ನು ಎದುರಿಸುವುದು ಮುಖ್ಯ ಭಾಗ. ಆದರೆ ಅದಕ್ಕೊಂದು ಕ್ರಮವಿದೆ. ಹೆದರಿಕೆಗಳ ಪಟ್ಟಿಯನ್ನು ಚಿಕಿತ್ಸಕರ ಜೊತೆ ಮಗುವೇ ಕೂತು ಮಾಡುತ್ತದೆ. ಅಂಗಡಿಯಲ್ಲಿ ಬಾಕಿ ಚಿಲ್ಲರೆ ಕೇಳುವುದು, ಪಕ್ಕದ ಬೆಂಚಿನವಳ ಹತ್ತಿರ ರಬ್ಬರು ಕೇಳುವುದು, ಇಂಥ ಸಣ್ಣದರಿಂದ ಶುರು. ಮಗು ಒಪ್ಪಿದ ಮೇಲೆ, ಒಂದೇ ಮೆಟ್ಟಿಲನ್ನು ಹಲವು ಸಲ ಹತ್ತಿ, ಅಂದುಕೊಂಡಷ್ಟು ಅನಾಹುತ ಆಗಲಿಲ್ಲ ಎಂಬುದನ್ನು ಪ್ರತಿಸಲವೂ ಕಂಡುಕೊಂಡು, ಮುಂದಿನದಕ್ಕೆ ಹೋಗುವುದು. ನಮ್ಮ ಶಾಲೆಗಳಲ್ಲಿ ನಡೆಯುವುದು ಇದೆಯೇ? ನೇರ ಕೊನೆಯ ಮೆಟ್ಟಿಲು, ಒಂದೇ ಸಲ, ಕೇಳದೆ, ಅದೂ ಬಹುಮಾನ ಇರುವ ಸ್ಪರ್ಧೆಯಲ್ಲಿ. ಸೋತರೆ ಮಗು ಮನೆಗೆ ಒಯ್ಯುವುದು ತನ್ನ ಹೆದರಿಕೆ ನಿಜ ಎಂಬ ಸಾಕ್ಷಿಯನ್ನು.

ಬೇರೆ ಎಲ್ಲಿಯದೋ ಶಾಸ್ತ್ರ ಬೇಡ ಎನ್ನುವವರು ನಮ್ಮ ಯಕ್ಷಗಾನವನ್ನೇ ನೋಡಲಿ. "ಯಕ್ಷಗಾನಕ್ಕೆ ಸೇರಿಸಿ, ಮಗು ಚುರುಕಾಗ್ತದೆ" ಎಂಬ ಸಲಹೆ ಇಲ್ಲಿ ಮನೆಮನೆಯ ಮಾತು. ಆದರೆ ಮೇಳಗಳ ಹಳೆಯ ಪದ್ಧತಿಯಲ್ಲಿ ಹೊಸಬನನ್ನು ಮೊದಲ ದಿನವೇ ಅರ್ಥ ಹೇಳಲು ಕಳಿಸುತ್ತಿದ್ದರೆ? ಪೂರ್ವರಂಗದಲ್ಲಿ ಕೋಡಂಗಿಯಾಗಿ ಬರಬೇಕು. ಮಾತಿಲ್ಲ, ಜೊತೆಯವರೊಟ್ಟಿಗೆ ತಾಳಕ್ಕೆ ಹೆಜ್ಜೆ ಹಾಕುವುದಷ್ಟೆ. ಜನ ಇನ್ನೂ ಸೇರುತ್ತಿರುವ ಹೊತ್ತು ಅದು. ಆಮೇಲೆ ಬಾಲಗೋಪಾಲ. ಆಮೇಲೆ ಒಂದೆರಡು ಮಾತಿನ ಸಣ್ಣ ವೇಷ. ಅಷ್ಟರಲ್ಲಿ ಹಗಲಿಡೀ ಚೌಕಿಯವರೊಟ್ಟಿಗೆ ಉಂಡು, ಮಲಗಿ, ಗಂಟು ಹೊತ್ತು, ಅವನು ಅವರಲ್ಲಿ ಒಬ್ಬನಾಗಿರುತ್ತಾನೆ. ಮೇಳ ಮಾತನ್ನು ಕೊನೆಗೆ ಇಟ್ಟಿತ್ತು, ಒಡನಾಟವನ್ನು ಮೊದಲು. ಸ್ಪರ್ಧೆಗೆ ಮೂರು ವಾರ ಇರುವಾಗ ಮಗುವಿಗೆ ಭಾಷಣ ಬಾಯಿಪಾಠ ಮಾಡಿಸುವವರು ಯಕ್ಷಗಾನದ ಹೆಸರು ಹೇಳಿ ತಮ್ಮನ್ನು ಸಮರ್ಥಿಸಿಕೊಳ್ಳುವುದು ಬೇಡ.

ಗೆಳೆತನ ಆಗುವುದಾದರೂ ಹೇಗೆ? ಚೆನ್ನಾಗಿ ಮಾತಾಡುವವರಿಗೆ ಗೆಳೆಯರು ಸಿಗುತ್ತಾರೆ ಎಂದು ನಾವು ತಿಳಿದಿದ್ದೇವೆ. ಆದರೆ ಅಮೆರಿಕದ ಎಂಐಟಿಯ ವಸತಿಗೃಹಗಳಲ್ಲಿ ಲಿಯಾನ್ ಫೆಸ್ಟಿಂಜರ್ ಮತ್ತು ಜೊತೆಯವರು ನಡೆಸಿ 1950ರಲ್ಲಿ ಪ್ರಕಟಿಸಿದ ಅಧ್ಯಯನ ಕಂಡುಕೊಂಡದ್ದು ತೀರಾ ಸಾದಾ ಸಂಗತಿ: ಯಾರ ಬಾಗಿಲು ಹತ್ತಿರವಿತ್ತೋ, ದಿನಾ ಮೆಟ್ಟಿಲಲ್ಲಿ ಯಾರು ಎದುರಾಗುತ್ತಿದ್ದರೋ, ಅವರೇ ಗೆಳೆಯರಾದರು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಇದಕ್ಕೆ ಗಂಟೆಗಳ ಲೆಕ್ಕವನ್ನೇ ಕೊಟ್ಟರು. ಬರಿಯ ಪರಿಚಯ ಸಾದಾ ಗೆಳೆತನವಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ಗೆಳೆಯ ಎನ್ನಿಸಿಕೊಳ್ಳಲು 90, ಆಪ್ತನಾಗಲು 200ಕ್ಕೂ ಮೇಲೆ. ಅಲ್ಲಿಯ ದೊಡ್ಡವರ, ಕಾಲೇಜು ಮಕ್ಕಳ ಲೆಕ್ಕ ಇದು. ನಮ್ಮ ಮಕ್ಕಳಿಗೆ ಹೆಚ್ಚುಕಮ್ಮಿ ಆಗಬಹುದು. ಆದರೂ ವಿಷಯ ಗಂಟೆಗಳದ್ದು ಎಂಬುದು ಎಲ್ಲಿಯೂ ಬದಲಾಗದು.

ಈ ಲೆಕ್ಕವನ್ನು ಕೆದಂಬಾಡಿಗೆ ಹಾಕಿ ನೋಡಿ. ಬಯಲುಸೀಮೆಯ ಊರುಗಳಲ್ಲಿ ಮನೆಗೆ ಮನೆ ತಾಗಿರುತ್ತದೆ, ಬಾಗಿಲು ತೆರೆದರೆ ಬೀದಿ, ಬೀದಿಯಲ್ಲಿ ಮಕ್ಕಳು. ನಮ್ಮದು ಹಾಗಲ್ಲ. ಇಲ್ಲಿ ಒಂದೊಂದು ಮನೆ ಒಂದೊಂದು ಅಡಿಕೆ ತೋಟದ ನಡುವೆ. ಪಕ್ಕದ ಮನೆ ಎಂದರೆ ಗುಡ್ಡೆ ಹತ್ತಿ ಇಳಿದರೆ ಕಾಣುವ ಮನೆ. ಆ ಮನೆಯಲ್ಲಿ ಸಮವಯಸ್ಸಿನ ಮಗು ಇದ್ದರೆ ಅದು ಅದೃಷ್ಟ. ಬೀದಿಯಿಲ್ಲದ ಈ ಊರಿನಲ್ಲಿ ಮಕ್ಕಳಿಗೆ ಬೀದಿಯಾಗಿ ಇದ್ದದ್ದು ಶಾಲೆಯ ದಾರಿ. ಗುಡ್ಡೆಯ ಮೇಲಿನಿಂದ ಇಬ್ಬರು, ತೋಡಿನ ಸಂಕ ದಾಟುವಲ್ಲಿ ಮೂವರು, ಗೇರುಮರದ ಬುಡದಲ್ಲಿ ಇನ್ನೊಬ್ಬ, ಹೀಗೆ ಕೂಡಿಕೊಂಡು ಹೋಗುವುದು. ಹೋಗಲು ನಲವತ್ತು ನಿಮಿಷ, ಬರಲು ನಲವತ್ತು. ಜೂನ್ ಒಂದಕ್ಕೆ ಶಾಲೆ ಶುರುವಾದರೆ ಆಟಿ ತಿಂಗಳು ಬರುವ ಹೊತ್ತಿಗೆ 50 ಗಂಟೆ ತುಂಬುತ್ತಿತ್ತು. ಆ ದಾರಿಯಲ್ಲಿ ಯಾರೂ ಭಾಷಣ ಮಾಡಬೇಕಾಗಿರಲಿಲ್ಲ. ಮುಂದೆ ನಡೆಯುವವನ ಬೆನ್ನು ನೋಡುತ್ತ, ಸಂಕದಲ್ಲಿ ಕೈ ಹಿಡಿದು, ಬಿದ್ದ ಕಾಟುಮಾವು ಹೆಕ್ಕಿ ಹಂಚಿಕೊಂಡು, ಒಂದು ಮಾತೂ ಆಡದ ಹುಡುಗನೂ ಗುಂಪಿನವನೇ ಆಗಿಬಿಡುತ್ತಿದ್ದ. ಅವನು ಬಾರದ ದಿನ "ಅವ ಎಲ್ಲಿ?" ಎಂದು ಯಾರಾದರೂ ಕೇಳುತ್ತಿದ್ದರು.

ಈಗ ಮನೆಯ ಗೇಟಿಗೆ ವ್ಯಾನು ಬರುತ್ತದೆ. ಮಳೆ, ಹೆದ್ದಾರಿಯ ವಾಹನ, ಕಾಡುಪ್ರಾಣಿಯ ಹೆದರಿಕೆ, ಎಲ್ಲ ಇದೆ. ಹೆತ್ತವರನ್ನು ದೂರಲಾರೆ. ಆದರೆ ಆ ಎಂಬತ್ತು ನಿಮಿಷ ಹೋಯಿತು, ಅದರ ಜಾಗಕ್ಕೆ ಏನೂ ಬರಲಿಲ್ಲ. ಉಳಿದದ್ದು ಊಟದ ನಂತರದ ಇಪ್ಪತ್ತು ನಿಮಿಷ. ದಿನಕ್ಕೆ ಇಪ್ಪತ್ತರಂತೆ 50 ಗಂಟೆಯಾಗಲು 150 ಶಾಲಾದಿನ ಬೇಕು, ಅಂದರೆ ಶಾಲಾವರ್ಷದ ಹೆಚ್ಚಿನ ಭಾಗ. ಅದೂ ಆ ಇಪ್ಪತ್ತು ನಿಮಿಷ ನಲ್ಲಿಯ ಹತ್ತಿರ ತಟ್ಟೆ ತೊಳೆಯುವುದರಲ್ಲಿ ಕಳೆಯದಿದ್ದರೆ. ಬಾಯಿಬಡುಕ ಮಗು ಈ ಕೊರತೆಯನ್ನು ಮಾತಿನಿಂದ ತುಂಬಿಕೊಳ್ಳುತ್ತದೆ. ನಾಚಿಕೆಯ ಮಗುವಿಗೆ ಗಂಟೆಗಳೇ ಬಂಡವಾಳ. ಅದನ್ನು ಕಸಿದವರು ನಾವು, ಗೆಳೆಯರಿಲ್ಲ ಎಂದು ಬೈಯುವವರೂ ನಾವು. ಮೊಬೈಲಿನ ಮೇಲೆ ಎಲ್ಲ ತಪ್ಪು ಹೊರಿಸುವವರೂ ಇದನ್ನು ಯೋಚಿಸಬೇಕು. ದಾರಿ ಇಲ್ಲವಾದ ಮೇಲೆ ಮಗು ಮೊಬೈಲು ಹಿಡಿದದ್ದು ಎಷ್ಟು ಮನೆಗಳಲ್ಲಿ?

ಎಂಟನೇ ತರಗತಿ ಎಂಬ ಗಂಡಾಂತರದ ಬಗ್ಗೆಯೂ ಹೇಳಬೇಕು. ನಮ್ಮ ಹಳ್ಳಿಗಳ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗಳು ಹೆಚ್ಚಿನವು ಏಳಕ್ಕೆ ಮುಗಿಯುತ್ತವೆ. ತರಗತಿಯಲ್ಲಿ ಹನ್ನೆರಡು ಮಕ್ಕಳಿದ್ದ ಶಾಲೆಯಿಂದ ಮಗು ಒಮ್ಮೆಲೇ ಐವತ್ತು ಮಕ್ಕಳ ನಡುವೆ ಹೋಗಿ ಕೂರುತ್ತದೆ. ಸಾಮಾಜಿಕ ಆತಂಕ ಸಾಮಾನ್ಯವಾಗಿ ತಲೆಯೆತ್ತುವುದೂ ಹದಿಮೂರರ ಆಸುಪಾಸಿನ ಇದೇ ವಯಸ್ಸಿನಲ್ಲಿ. ಆ ಹೊತ್ತಿಗೆ ಮಗುವಿಗೆ ಇರುವುದು ಹಳೆಯ ಶಾಲೆಯಿಂದ ಜೊತೆಗೆ ಬಂದ ಒಬ್ಬನೋ ಇಬ್ಬರೋ. ಅವರನ್ನೂ ಬೇರೆ ಬೇರೆ ಸೆಕ್ಷನ್ನಿಗೆ ಹಾಕುವ ಪದ್ಧತಿ ಹಲವು ಕಡೆ ಉಂಟು. "ಒಟ್ಟಿಗೆ ಬಿಟ್ಟರೆ ಅವರವರೇ ಇರ್ತಾರೆ, ಬೇರೆ ಮಾಡಿದರೆ ಎಲ್ಲರೊಟ್ಟಿಗೆ ಬೆರೀತಾರೆ" ಎಂಬುದು ಅದರ ಹಿಂದಿನ ತತ್ತ್ವ. ಬೆರೆಯುವ ಮಗು ಎಲ್ಲಿ ಬಿಟ್ಟರೂ ಬೆರೆಯುತ್ತದೆ. ಬೆರೆಯಲಾಗದ ಮಗುವಿನಿಂದ ಇದ್ದ ಒಬ್ಬನನ್ನೂ ಕಿತ್ತುಕೊಂಡು ಇನ್ನು ಐವತ್ತು ಮಂದಿಯನ್ನು ಗೆಲ್ಲು ಎನ್ನುವುದು ಎಂಥ ಶಿಕ್ಷಣ? ಆಪ್ತ ಗೆಳೆಯ ಒಬ್ಬನೇ ಇದ್ದರೂ ಸಾಕು, ಸಹಪಾಠಿಗಳ ಕಾಟವೂ ಅದರ ಪರಿಣಾಮವೂ ಉಲ್ಬಣಿಸದಂತೆ ಅದು ಮಗುವನ್ನು ಕಾಯುತ್ತದೆ ಎಂದು ಅರ್ನೆಸ್ಟ್ ಹಾಡ್ಜಸ್ ಮತ್ತು ಸಂಗಡಿಗರು ಕೆನಡಾದ ಶಾಲಾಮಕ್ಕಳ ನಡುವೆ ನಡೆಸಿದ, 1999ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಒಬ್ಬನೇ. ನಾವು ಆ ಒಬ್ಬನನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಭಾಷೆಯ ಹೊರೆಯನ್ನು ಇದಕ್ಕೆ ಸೇರಿಸಿ. ಮನೆಯಲ್ಲಿ ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಮರಾಟಿ; ಶಾಲೆಯಲ್ಲಿ ಪುಸ್ತಕದ ಕನ್ನಡ; ಇಂಗ್ಲಿಷ್ ಮಾಧ್ಯಮವಾದರೆ ಆಟದ ಬಯಲಿನಲ್ಲೂ ಇಂಗ್ಲಿಷೇ ಎಂಬ ನಿಯಮ, ಕೆಲವೆಡೆ ತುಳು ಮಾತಾಡಿದರೆ ದಂಡ. ಮೊದಲೇ ಪ್ರತಿ ವಾಕ್ಯವನ್ನು ಮನಸ್ಸಿನಲ್ಲಿ ತೂಗುವ ಮಗು ಇನ್ನು ವ್ಯಾಕರಣವನ್ನೂ ತೂಗಬೇಕು. ತಮಾಷೆ, ಕೀಟಲೆ, ಗುಟ್ಟು ಇವೆಲ್ಲ ಹದಿಮೂರರ ಗೆಳೆತನದ ಜೀವ. ಅವು ಹುಟ್ಟುವುದು ಮನೆಮಾತಿನಲ್ಲಿ. ಬಿಡುವಿನ ವೇಳೆಯಲ್ಲಿ ಮನೆಮಾತಿಗೆ ದಂಡ ಹಾಕುವ ಶಾಲೆ ವ್ಯಕ್ತಿತ್ವ ವಿಕಸನದ ಫಲಕ ತೂಗುಹಾಕಬಾರದು.

ಇದೆಲ್ಲದರ ಆಚೆಗೆ ಇನ್ನೊಂದು ಪಂಥವಿದೆ. ಮಗುವನ್ನು ವೇದಿಕೆಗೆ ತಳ್ಳುವವರಿಗಿಂತ ಸಭ್ಯವಾಗಿ ಕಾಣುತ್ತದೆ, ಅಪಾಯ ಮಾತ್ರ ಕಡಿಮೆಯಿಲ್ಲ. "ಅವಳು ಭಾರೀ ಪಾಪ, ಅವಳಿಂದ ಯಾರಿಗೂ ಉಪದ್ರ ಇಲ್ಲ" ಎನ್ನುವ ಪಂಥ. ಗಲಾಟೆ ಮಾಡುವ ಮಗುವಿಗೆ ಎಲ್ಲರ ಗಮನ, ಸುಮ್ಮನಿರುವ ಮಗುವಿಗೆ ಒಂದು ಸರ್ಟಿಫಿಕೇಟು. ಮಾತು ಕಡಿಮೆ ಇರುವುದು ಸ್ವಭಾವ, ಅದಕ್ಕೆ ಚಿಕಿತ್ಸೆ ಬೇಕಿಲ್ಲ, ಕ್ಷಮೆಯೂ ಬೇಕಿಲ್ಲ. ಆದರೆ ಮಗು ಇನ್ನೊಬ್ಬರೆದುರು ಉಣ್ಣಲಾರದೆ ಬುತ್ತಿ ಹಾಗೆಯೇ ವಾಪಸು ತರುತ್ತಿದ್ದರೆ, ಹಾಜರಿಗೆ "ಎಸ್ ಸರ್" ಎನ್ನಲು ನಡುಗುತ್ತಿದ್ದರೆ, ಸೋಮವಾರ ಬೆಳಿಗ್ಗೆಯೆಲ್ಲ ಹೊಟ್ಟೆನೋವು ಎನ್ನುತ್ತಿದ್ದರೆ, ಗೆಳೆಯರು ಬೇಕು ಎಂಬ ಆಸೆ ಇದ್ದೂ ಹತ್ತಿರ ಹೋಗಲಾರದೆ ಒದ್ದಾಡುತ್ತಿದ್ದರೆ ಅದು ಸ್ವಭಾವದ ಮಾತಲ್ಲ, ಸಾಮಾಜಿಕ ಆತಂಕ ಇರಬಹುದು. ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲಿಯೇ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿತು. ಇದಕ್ಕೆ ಪರಿಣಾಮಕಾರಿ ಚಿಕಿತ್ಸೆಯಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯಿಂದಲೇ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಮಾತಾಡಬಹುದು. ಮಗುವಿಗೆ ಫೋನಿನಲ್ಲಿ ಮಾತಾಡುವುದೇ ಕಷ್ಟವಾದರೆ ತಾಯಿಯೋ ತಂದೆಯೋ ಮೊದಲು ಮಾತಾಡಲಿ. ಹರಕೆ, ನೂಲು ಕಟ್ಟಿಸುವುದು ಎಲ್ಲ ಮನೆಯವರ ಸಮಾಧಾನಕ್ಕೆ ಇರಲಿ, ಈ ಫೋನು ಅದಕ್ಕಿಂತ ಮೊದಲಾಗಲಿ.

"ಹೊರಗಿನ ಪ್ರಪಂಚ ಯಾರನ್ನೂ ಕಾಯುವುದಿಲ್ಲ, ನಾಳೆ ಇಂಟರ್‌ವ್ಯೂಗೆ ಹೋದಾಗ ಏನು ಮಾಡುತ್ತಾನೆ?" ಎಂಬ ವಾದವೂ ಇದೆ. ಇದಕ್ಕೆ ಉತ್ತರ ಹುಡುಕಿ ಪುತ್ತೂರಿನವರು ದೂರ ಹೋಗಬೇಕಿಲ್ಲ. ಪೇಟೆಯ ಬಸ್ ನಿಲ್ದಾಣದ ಬಳಿ ಗಾಂಧಿಕಟ್ಟೆ ಇದೆ, 1934ರ ಪ್ರವಾಸದಲ್ಲಿ ಗಾಂಧೀಜಿ ಈ ಊರಿಗೆ ಬಂದ ನೆನಪಿನದು. ಹುಡುಗನಾಗಿದ್ದಾಗ ಅವರು ಗಂಟೆಗೆ ಸರಿಯಾಗಿ ಶಾಲೆಗೆ ಹೋಗಿ, ಬಿಟ್ಟ ಕೂಡಲೇ ಯಾರಾದರೂ ಮಾತಾಡಿಸಿಯಾರು ಎಂದು ಮನೆಗೆ ಓಡಿಬರುತ್ತಿದ್ದರೆಂದು ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಬ್ಯಾರಿಸ್ಟರ್ ಆಗಿ ಬಂದ ಮೇಲೂ ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತು ಒಂದು ಪ್ರಶ್ನೆ ಕೇಳಲಾಗದೆ ಕೂತು, ಪಡೆದಿದ್ದ ಮೂವತ್ತು ರೂಪಾಯಿ ಹಿಂದೆ ಕೊಟ್ಟರು. ಲಂಡನ್ನಿನಲ್ಲಿ ವೇದಿಕೆಗಳು ಸಿಕ್ಕಿರಲಿಲ್ಲವೇ? ಸಿಕ್ಕಿದ್ದವು. ಒಂದು ಕಡೆ ಬರೆದುಕೊಂಡು ಹೋದದ್ದನ್ನು ಇನ್ನೊಬ್ಬರಿಂದ ಓದಿಸಬೇಕಾಯಿತು, ಬೀಳ್ಕೊಡುಗೆಯ ಊಟದಲ್ಲಿ ಮೊದಲ ವಾಕ್ಯದಾಚೆಗೆ ಹೋಗಲಾಗಲಿಲ್ಲ. ವೇದಿಕೆಯೇ ಮದ್ದಾಗಿದ್ದರೆ ಅಲ್ಲಿಯೇ ವಾಸಿಯಾಗಬೇಕಿತ್ತು. ಬಾಯಿ ಬಂದದ್ದು 1893ರಲ್ಲಿ ಪ್ರಿಟೋರಿಯಾದಲ್ಲಿ, ಅಲ್ಲಿಯ ಭಾರತೀಯರ ಕಷ್ಟ ತನ್ನದೂ ಆದಾಗ. ಅಲ್ಲಿ ಮಾಡಿದ್ದು ಭಾಷಣವಷ್ಟೇ ಅಲ್ಲ. ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಯವ, ಈ ಮೂವರಿಗೆ ಅವರವರ ಜಾಗಕ್ಕೇ ಹೋಗಿ ತಿಂಗಳುಗಟ್ಟಲೆ ಇಂಗ್ಲಿಷ್ ಹೇಳಿಕೊಟ್ಟರು. ಸಂಕೋಚ ಪೂರ್ತಿ ಹೋಯಿತೆಂದೂ ಅವರು ಹೇಳಲಿಲ್ಲ, ಮಾತನ್ನು ಮಿತವಾಗಿ ಬಳಸಲು ಅದೇ ಕಲಿಸಿತು ಎಂದರು.

ಹಾಗಾದರೆ ಶಾಲೆ ಮಾಡಬೇಕಾದ್ದೇನು ಎಂದರೆ, ಹಣ ಬೇಕಾದ್ದು ಯಾವುದೂ ಇಲ್ಲ. ಇಬ್ಬರು ಮೂವರಿಗೆ ಒಟ್ಟಾಗಿ ಒಂದು ಕೆಲಸ ಕೊಡಿ, ವಾರಕ್ಕೊಮ್ಮೆ ಬದಲಿಸದೆ ವರ್ಷವಿಡೀ ಅವರಿಗೇ ಬಿಡಿ. ತರಕಾರಿ ತೋಟದ ಅಲಸಂದೆ ಚಪ್ಪರ ಇರಬಹುದು, ಗ್ರಂಥಾಲಯದ ಪುಸ್ತಕ ಜೋಡಿಸುವುದು ಇರಬಹುದು, ಬಡಿಸುವ ಸರದಿ ಇರಬಹುದು. ಕಣ್ಣು ಕೆಲಸದ ಮೇಲಿದ್ದಾಗ ಮುಖ ನೋಡಿ ಮಾತಾಡುವ ಕಷ್ಟವಿಲ್ಲ, "ಆ ಹಗ್ಗ ಕೊಡು" ಎಂಬುದೂ ಮಾತೇ. ಬೆಂಚಿನ ಜೊತೆಯನ್ನು ಎತ್ತರ ನೋಡಿ, ಅಂಕ ನೋಡಿ ತಿಂಗಳಿಗೊಮ್ಮೆ ಕದಲಿಸಬೇಡಿ. ವ್ಯಾನು ಗೇಟಿನವರೆಗೆ ಬರುವ ಬದಲು ಐದಾರು ಮನೆಗೊಂದು ಕಟ್ಟೆಯ ಹತ್ತಿರ ನಿಲ್ಲಲಿ, ಅಲ್ಲಿಯವರೆಗೆ ಮಕ್ಕಳು ನಡೆದು ಬಂದು ಒಟ್ಟಿಗೆ ಕಾಯಲಿ. ಮೌಖಿಕ ಚಟುವಟಿಕೆಗೆ ಅಂಕ ಕೊಡಲೇಬೇಕಾದಲ್ಲಿ ಆ ಮಗು ಅಧ್ಯಾಪಕರ ಮೇಜಿನ ಹತ್ತಿರ ಬಂದು ಹೇಳಲಿ, ಅಥವಾ ಬೆಂಚಿನ ಜೊತೆಯವಳೊಟ್ಟಿಗೆ ನಿಂತು ಹೇಳಲಿ. ಪ್ರತಿಭಾ ಕಾರಂಜಿಗೆ ಆಸೆಯಿಂದ ಬರುವ ಮಕ್ಕಳು ಬೇಕಾದಷ್ಟಿದ್ದಾರೆ. ಪಟ್ಟಿ ತುಂಬಿಸಲು ಈ ಮಗುವಿನ ಹೆಸರು ಬೇಡ.

ಮುಂದಿನ ಜೂನ್‌ನಲ್ಲಿ ಎಂಟನೆಯ ಸೆಕ್ಷನ್ ಪಟ್ಟಿ ಬರೆಯುವಾಗ ಹೊಸದಾಗಿ ಬರುವ ಪ್ರತಿ ಮಗುವಿನ ಹತ್ತಿರ, ಎಲ್ಲರೆದುರು ಎದ್ದು ನಿಲ್ಲಿಸದೆ, ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ: ನಿನ್ನ ಶಾಲೆಯಿಂದ ಬಂದವರಲ್ಲಿ ಯಾರೊಟ್ಟಿಗೆ ಕೂರಬೇಕು ಎಂದು ನಿನಗಿದೆ? ಒಂದು ಹೆಸರು ಬರೆದವರಿಗೆ ಆ ಒಂದು ಹೆಸರನ್ನು ಕೊಡಿ. ಚೀಟಿ ಖಾಲಿ ಬಿಟ್ಟವರು ಯಾರು ಎಂದು ನೋಡಿಕೊಳ್ಳಿ, ಅಲಸಂದೆ ಚಪ್ಪರದ ಕೆಲಸಕ್ಕೆ ಮೊದಲ ಹೆಸರು ಅವರದೇ ಆಗಲಿ.